ರಾತ್ರಿ ಪಾಳಿಯ ಪೊಲೀಸರು ರಕ್ತನಾಳ ಕಾಪಾಡಿಕೊಳ್ಳುವುದು ಹೇಗೆ

ಪಾಳಿ ಪಟ್ಟಿ ಬರೆಯುವವರು ಒಬ್ಬರು, ಅದರಂತೆ ನಿದ್ದೆ ಕೆಡುವವರು ಇನ್ನೊಬ್ಬರು. ಪೊಲೀಸ್ ಕೆಲಸದಲ್ಲಿ ಇದು ತಪ್ಪಿದ್ದಲ್ಲ; ಇಪ್ಪತ್ನಾಲ್ಕು ಗಂಟೆಯೂ ಠಾಣೆಯಲ್ಲಿ, ಗಸ್ತಿನಲ್ಲಿ ಯಾರಾದರೂ ಇರಲೇಬೇಕು. ಆದ್ದರಿಂದ ರಾತ್ರಿ ಕೆಲಸ ಬಿಟ್ಟುಬಿಡಿ ಎಂಬ ಸಲಹೆ ಇಲ್ಲಿಲ್ಲ. ಆ ಕೆಲಸ ಮಾಡುತ್ತಲೇ ರಕ್ತನಾಳಕ್ಕೆ ಬೀಳುವ ಪೆಟ್ಟನ್ನು ಎಲ್ಲಿ ತಗ್ಗಿಸಬಹುದು, ಯಾವುದನ್ನು ಮೊದಲು ಹಿಡಿಯಬೇಕು, ಯಾವುದಕ್ಕೆ ದುಡ್ಡು ಸುರಿಯಬೇಕಿಲ್ಲ ಎಂಬುದಷ್ಟೇ ಇದೆ. ಕ್ರಮ ಹೀಗಿರಲಿ: ಮೊದಲು ಬಿಪಿ ಬರೆದಿಡುವುದು, ಆಮೇಲೆ ನಿದ್ದೆ, ಅದಾದ ಮೇಲೆ ಊಟ ಮತ್ತು ಓಡಾಟ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ನಾಲ್ಕು ಗಂಟೆ ನಿದ್ದೆ ಮಾಡಿ ಎದ್ದು ಜಿಮ್‌ನಲ್ಲಿ ಭಾರ ಎತ್ತುತ್ತಾರೆ. ಬಿಪಿ ನೋಡಿಕೊಳ್ಳುವುದು ಮಾತ್ರ ವರ್ಷಕ್ಕೊಮ್ಮೆ, ವೈದ್ಯಕೀಯ ತಪಾಸಣೆಯ ದಿನ.

ನಾಳದ ಒಳಗೆ ನಡೆಯುವುದು

ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ಪದರವಿದೆ. ವೈದ್ಯರು ಅದನ್ನು ಎಂಡೋಥೀಲಿಯಂ ಎನ್ನುತ್ತಾರೆ. ರಕ್ತ ಜೋರಾಗಿ ಹರಿದಾಗ ಅದರ ಉಜ್ಜಾಟ ಈ ಪದರಕ್ಕೆ ತಾಕುತ್ತದೆ, ಆಗ ಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ನಾಳದ ಗೋಡೆಯ ಸ್ನಾಯು ಅದರಿಂದ ಸಡಿಲಗೊಂಡು ನಾಳ ಹಿಗ್ಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಗೋಡೆಗೆ ಅಂಟಿಕೊಳ್ಳುವುದೂ ಕಡಿಮೆಯಾಗುತ್ತದೆ. ಪದರದ ಈ ಶಕ್ತಿ ಕುಂದಿದರೆ ಮೊದಲು ನಾಳ ಬಿಗಿಯಾಗುತ್ತದೆ, ವರ್ಷಗಳು ಕಳೆದಂತೆ ಗೋಡೆಯೊಳಗೆ ಕೊಬ್ಬು ಸೇರುತ್ತದೆ. ಇಷ್ಟೆಲ್ಲ ನಡೆಯುವಾಗ ನೋವಿಲ್ಲ, ಸುಸ್ತಿಲ್ಲ, ಯಾವ ಸೂಚನೆಯೂ ಇಲ್ಲ.

ಆರೋಗ್ಯವಂತರಲ್ಲಿ ನಿದ್ದೆಯ ಹೊತ್ತಿನ ಬಿಪಿ ಎಚ್ಚರದ ಹೊತ್ತಿಗಿಂತ ಶೇ. 10ರಿಂದ 20ರಷ್ಟು ಇಳಿಯುತ್ತದೆ. ನಾಳಕ್ಕೆ ದಿನದಲ್ಲಿ ಸಿಗುವ ದೊಡ್ಡ ಬಿಡುವು ಅದೇ. ರಾತ್ರಿ ಪಾಳಿಯಲ್ಲಿ ಆ ಹೊತ್ತು ಎಚ್ಚರದಲ್ಲೇ ಕಳೆಯುತ್ತದೆ. ಬೆಳಿಗ್ಗೆ ಮಲಗಿದರೆ ದೇಹದ ಗಡಿಯಾರ ಅಷ್ಟರಲ್ಲಾಗಲೇ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಏರಿಸಿ ಎಬ್ಬಿಸುವ ಕೆಲಸಕ್ಕೆ ಇಳಿದಿರುತ್ತದೆ. ಹಾಗಾಗಿ ನಿದ್ದೆ ಮೊಟಕು, ಬಿಪಿಯ ಇಳಿತವೂ ಅರೆಬರೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತರ ನಿದ್ದೆ ಮತ್ತು ಊಟವನ್ನು ದೇಹದ ಗಡಿಯಾರಕ್ಕೆ 12 ಗಂಟೆ ತದ್ವಿರುದ್ಧವಾಗಿ ಇಟ್ಟು ನೋಡಿದರು. ಸರಾಸರಿ ರಕ್ತದೊತ್ತಡ ಶೇ. 3, ಸಕ್ಕರೆ ಶೇ. 6, ಇನ್ಸುಲಿನ್ ಶೇ. 22 ಏರಿದವು. ಅದಕ್ಕೆ ವರ್ಷಗಳೇನೂ ಬೇಕಾಗಲಿಲ್ಲ, ದಿನಗಳು ಸಾಕಾದವು.

ಪೊಲೀಸರನ್ನೇ ಹಿಡಿದು ನಡೆಸಿದ ಅಧ್ಯಯನ ಅಮೆರಿಕದ ಬಫಲೋ ನಗರದ್ದು. 188 ಪೊಲೀಸರ ತೋಳಿನ ಅಪಧಮನಿ ಎಷ್ಟು ಹಿಗ್ಗುತ್ತದೆ ಎಂದು 2004–2009ರ ಅವಧಿಯಲ್ಲಿ ಒಮ್ಮೆ, 2010–2014ರ ಅವಧಿಯಲ್ಲಿ ಇನ್ನೊಮ್ಮೆ ಅಳೆದರು. ಯಾರು ಯಾವ ಪಾಳಿ ಮಾಡಿದರು ಎಂಬುದನ್ನು ನೆನಪಿನಿಂದ ಹೇಳಿಸದೆ ಸಂಬಳದ ದಾಖಲೆಯಿಂದ ತೆಗೆದದ್ದು ಈ ಅಧ್ಯಯನದ ಬಲ. ಸರಾಸರಿ ಏಳು ವರ್ಷದಲ್ಲಿ ನಾಳದ ಹಿಗ್ಗುವಿಕೆ ಶೇ. 5.74ರಿಂದ ಶೇ. 3.88ಕ್ಕೆ ಇಳಿದಿತ್ತು. ಗಂಡಸರಲ್ಲಿ ಹಗಲು ಪಾಳಿಯವರಿಗಿಂತ ಮಧ್ಯಾಹ್ನದ ಮತ್ತು ರಾತ್ರಿಯ ಪಾಳಿಯವರಲ್ಲಿ ಇಳಿಕೆ ಹೆಚ್ಚು. ಹೆಂಗಸರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನದಲ್ಲಿ ಹೆಂಗಸರು ಕಾಲು ಭಾಗಕ್ಕಿಂತ ಕಡಿಮೆ ಇದ್ದರು, ಆದ್ದರಿಂದ ಅವರಿಗೆ ಅಪಾಯವೇ ಇಲ್ಲ ಎಂದು ಇದರಿಂದ ತೀರ್ಮಾನಿಸಲಾಗದು. ಮಧ್ಯಾಹ್ನದ ಪಾಳಿಯವರೂ ಇದು ತಮಗಲ್ಲ ಎಂದು ಪಕ್ಕಕ್ಕಿಡಬೇಡಿ. ಇದು ಗಮನಿಸಿ ನೋಡಿದ ಅಧ್ಯಯನ. ಪಾಳಿಯೇ ಕಾರಣ ಎಂದು ಒಂದೇ ಏಟಿಗೆ ಸಾಬೀತು ಮಾಡುವಂಥದ್ದಲ್ಲ. ಆದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯೂ ಅದೇ ದಿಕ್ಕಿಗೆ ಬೆರಳು ತೋರುತ್ತದೆ: ಪಾಳಿ ಕೆಲಸದವರಲ್ಲಿ ಹೃದಯಾಘಾತ ಶೇ. 23ರಷ್ಟು ಹೆಚ್ಚು. ಇದು ನೂರರಲ್ಲಿ 23 ಮಂದಿಗೆ ಬರುತ್ತದೆ ಎಂದಲ್ಲ. ಹಗಲು ಕೆಲಸದ ನೂರು ಮಂದಿಗೆ ಹೃದಯಾಘಾತವಾಗುವಷ್ಟು ಕಾಲದಲ್ಲಿ, ಅಷ್ಟೇ ದೊಡ್ಡ ಪಾಳಿ ಕೆಲಸದ ಗುಂಪಿನಲ್ಲಿ 123 ಮಂದಿಗೆ ಆಗುತ್ತದೆ ಎಂದು.

ತೋಳಿನ ಆ ಪರೀಕ್ಷೆಯ ಬಗ್ಗೆ ಒಂದು ಮಾತು. ಮುಂದೋಳಿಗೆ ಪಟ್ಟಿ ಬಿಗಿದು ಐದು ನಿಮಿಷ ರಕ್ತ ತಡೆದು, ಬಿಟ್ಟ ಕೂಡಲೇ ಅಪಧಮನಿ ಎಷ್ಟು ಹಿಗ್ಗಿತು ಎಂದು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾರೆ. ಕುಡಿದ ಕಾಫಿ, ಸೇದಿದ ಸಿಗರೇಟು, ತಿಂದ ಊಟ, ದಿನದ ಹೊತ್ತು, ಯಂತ್ರ ಹಿಡಿದವರ ಕೈ ಎಲ್ಲವೂ ಫಲಿತಾಂಶವನ್ನು ಅಲುಗಾಡಿಸುತ್ತವೆ. ಗುಂಪುಗಳನ್ನು ಹೋಲಿಸಲು ಒಳ್ಳೆಯ ಸಾಧನ, ಒಬ್ಬರ ಚಿಕಿತ್ಸೆ ನಿರ್ಧರಿಸಲು ಅಲ್ಲ. ದುಡ್ಡು ಕೊಟ್ಟು ಮಾಡಿಸಿಕೊಳ್ಳಬೇಡಿ. ನಿಮಗೆ ಬೇಕಾದದ್ದು ಮನೆಯಲ್ಲೇ ಸಿಗುತ್ತದೆ.

ಎರಡು ವಾರದ ಬಿಪಿ ಪುಸ್ತಕ

ತೋಳಿಗೆ ಸುತ್ತುವ, ತಾನೇ ಗಾಳಿ ತುಂಬಿಕೊಳ್ಳುವ ಡಿಜಿಟಲ್ ಮೆಷಿನ್ ಸಾಕು, ಮಣಿಕಟ್ಟಿನದು ಬೇಡ. ಕೊಳ್ಳುವ ಮೊದಲು ತೋಳಿನ ಸುತ್ತಳತೆ ತೆಗೆಯಿರಿ, ಭುಜ ಮತ್ತು ಮೊಣಕೈಯ ನಡುಮಧ್ಯದಲ್ಲಿ. ಪಟ್ಟಿಯೊಳಗಿನ ಗಾಳಿಚೀಲ ಆ ಸುತ್ತಳತೆಯ ಶೇ. 80ರಷ್ಟಾದರೂ ಸುತ್ತಿಕೊಳ್ಳಬೇಕು. ಕಸರತ್ತು ಮಾಡಿ ತೋಳು ದಪ್ಪಗಾದವರಿಗೆ ಸಾಮಾನ್ಯ ಪಟ್ಟಿ ಸಾಲುವುದಿಲ್ಲ. ಪಟ್ಟಿ ಚಿಕ್ಕದಾದರೆ ಇಲ್ಲದ ಬಿಪಿಯನ್ನು ತೋರಿಸುತ್ತದೆ, ಬೇಡದ ಮಾತ್ರೆ ಗಂಟುಬೀಳುತ್ತದೆ.

ಪಾಳಿ ಕೆಲಸದವರು ‘ಬೆಳಿಗ್ಗೆ–ಸಂಜೆ’ ಎಂಬ ಸೂಚನೆಯನ್ನು ಅಕ್ಷರಶಃ ಪಾಲಿಸಿದರೆ ದಾಖಲೆ ಕೆಡುತ್ತದೆ. ನಿಮ್ಮ ಬೆಳಗು ಎಂದರೆ ಮುಖ್ಯ ನಿದ್ದೆಯಿಂದ ಎದ್ದ ಹೊತ್ತು, ಅದು ಮಧ್ಯಾಹ್ನ ಎರಡಾದರೂ ಸರಿ. ಎದ್ದ ಒಂದು ಗಂಟೆಯೊಳಗೆ, ಮೂತ್ರ ಮಾಡಿ, ಕಾಫಿ ಮತ್ತು ಮಾತ್ರೆಗೆ ಮೊದಲು ಒಮ್ಮೆ; ಮುಖ್ಯ ನಿದ್ದೆಗೆ ಜಾರುವ ಮೊದಲು ಇನ್ನೊಮ್ಮೆ. ಐದು ನಿಮಿಷ ಸುಮ್ಮನೆ ಕೂತಿರಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕೆ, ಮಾತಿಲ್ಲ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ, ಎರಡನ್ನೂ ಬರೆಯಿರಿ. ಪಕ್ಕದಲ್ಲಿ ಗಡಿಯಾರದ ವೇಳೆ, ಯಾವ ಪಾಳಿ, ಹಿಂದಿನ ನಿದ್ದೆ ಎಷ್ಟು ಗಂಟೆ ಎಂಬ ಮೂರು ವಿವರ ಇರಲಿ. ಸಂಖ್ಯೆಗೆ ಅರ್ಥ ಬರುವುದು ಆ ಮೂರರಿಂದ.

ತಪ್ಪು ಆಗುವುದು ಹೆಚ್ಚಾಗಿ ಠಾಣೆಯಲ್ಲಿ. ಸಮವಸ್ತ್ರದ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿ, ಬೆಲ್ಟು, ರಕ್ಷಾ ಕವಚ ಬಿಗಿದುಕೊಂಡೇ, ಕಾಲ ಮೇಲೆ ಕಾಲು ಹಾಕಿ, ವೈರ್‌ಲೆಸ್‌ಗೆ ಉತ್ತರ ಕೊಡುತ್ತಾ ನೋಡಿದ ಬಿಪಿ ಲೆಕ್ಕಕ್ಕಿಲ್ಲ. ತೋಳು ಕೆಳಗೆ ನೇತಾಡುತ್ತಿದ್ದರೂ, ಮಾತಾಡುತ್ತಿದ್ದರೂ, ಮೂತ್ರ ತಡೆದುಕೊಂಡಿದ್ದರೂ ಮೇಲಿನ ಸಂಖ್ಯೆ ಸುಮಾರು ಹತ್ತರಷ್ಟು ಏರಬಹುದು. ಗಲಾಟೆ ಮುಗಿಸಿ ಬಂದ ಕೂಡಲೇ ನೋಡಿ ಗಾಬರಿಯಾಗುವುದಂತೂ ಶುದ್ಧ ವ್ಯರ್ಥ.

ಎರಡು ವಾರ ತುಂಬಿದ ಮೇಲೆ ಮೊದಲ ದಿನದ ಸಂಖ್ಯೆಗಳನ್ನು ಕೈಬಿಟ್ಟು ರಾತ್ರಿ ಪಾಳಿಯ ದಿನಗಳ ಸರಾಸರಿ, ಹಗಲು ಪಾಳಿಯ ದಿನಗಳ ಸರಾಸರಿ, ರಜೆಯ ಸರಾಸರಿ ಎಂದು ಮೂರು ಬೇರೆ ಬೇರೆ ತೆಗೆಯಿರಿ. ಮನೆಯಲ್ಲಿ ಅಳೆದಾಗ 135/85 ಅಥವಾ ಮೇಲಿದ್ದರೆ ವೈದ್ಯರನ್ನು ಕಾಣಬೇಕು. ರಜೆಯಲ್ಲಿ ಸರಿಯಿದ್ದು ರಾತ್ರಿ ಪಾಳಿಯಲ್ಲಿ ಮಾತ್ರ ಗಡಿ ದಾಟುವವರು ಕಡೆಗಣಿಸಲ್ಪಡುವ ಗುಂಪು, ಯಾಕೆಂದರೆ ತಪಾಸಣೆಗೆ ಎಲ್ಲರೂ ಹೋಗುವುದೇ ರಜೆಯ ದಿನ. 180/120 ದಾಟಿ ಎದೆನೋವು, ಉಸಿರುಕಟ್ಟು, ಕಣ್ಣು ಮಂಜು, ಮಾತಿನ ತೊದಲು ಇದ್ದರೆ ನೇರ ಆಸ್ಪತ್ರೆಗೆ. ಲಕ್ಷಣವಿಲ್ಲದಿದ್ದರೆ ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ ಅದೇ ದಿನ ವೈದ್ಯರ ಬಳಿ.

ವೈದ್ಯರು 24 ಗಂಟೆಯ ಬಿಪಿ ಯಂತ್ರ ಕಟ್ಟಿಸಿದರೆ ಅದನ್ನು ರಾತ್ರಿ ಡ್ಯೂಟಿಯ ದಿನವೇ ಕಟ್ಟಿಸಿಕೊಳ್ಳಿ. ಮಲಗಿದ ಮತ್ತು ಎದ್ದ ವೇಳೆಯನ್ನು ಚೀಟಿಯಲ್ಲಿ ಬರೆದುಕೊಟ್ಟು, ಲೆಕ್ಕವನ್ನು ಆ ಪ್ರಕಾರವೇ ಹಾಕಿಸಿ. ಯಂತ್ರದ ತಂತ್ರಾಂಶ ಬೇರೆ ಹೇಳದಿದ್ದರೆ ರಾತ್ರಿಯನ್ನೇ ನಿದ್ದೆ ಎಂದು ಹಿಡಿಯುತ್ತದೆ. ಗಸ್ತಿನಲ್ಲಿದ್ದವರ ಬಿಪಿ ‘ನಿದ್ದೆಯಲ್ಲಿ ಇಳಿಯುತ್ತಿಲ್ಲ’ ಎಂಬ ಸುಳ್ಳು ವರದಿ ಹೊರಬರುತ್ತದೆ. ಎಚ್ಚರದ ಸರಾಸರಿಗೆ 135/85, ನಿಜವಾದ ನಿದ್ದೆಯ ಸರಾಸರಿಗೆ 120/70, ಇಡೀ 24 ಗಂಟೆಗೆ 130/80 ಗಡಿ.

ನಿದ್ದೆ

ಗುರಿ 24 ಗಂಟೆಯಲ್ಲಿ ಒಟ್ಟು ಏಳು ಗಂಟೆ. ಒಂದೇ ಗಟ್ಟಿಯಾಗಿ ಬರದಿದ್ದರೆ ಎರಡು ತುಂಡಾದರೂ ನಡೆಯುತ್ತದೆ, ಆದರೆ ದೊಡ್ಡ ತುಂಡು ನಾಲ್ಕೂವರೆ ಗಂಟೆಗಿಂತ ಕಡಿಮೆಯಾಗಬಾರದು. ರಾತ್ರಿ 10ರಿಂದ ಬೆಳಿಗ್ಗೆ 6ರ ಡ್ಯೂಟಿಯನ್ನೇ ತೆಗೆದುಕೊಂಡರೆ ಹೀಗೆ ಹೊಂದಿಸಬಹುದು. ಮೊದಲ ರಾತ್ರಿಗೆ ಮುನ್ನ ಮಧ್ಯಾಹ್ನ 90 ನಿಮಿಷ ಮಲಗಿ. ನಿಯಮ ಒಪ್ಪುವ ಕಡೆ, ಬದಲಿ ಸಿಬ್ಬಂದಿ ಇದ್ದಾಗ, ರಾತ್ರಿ 2ರಿಂದ 4ರ ನಡುವೆ 20 ನಿಮಿಷದ ಕಿರುನಿದ್ದೆ. ಅದು ಮುಕ್ಕಾಲು ಗಂಟೆಯಾದರೆ ಆಳದ ನಿದ್ದೆಯಿಂದ ಎದ್ದು ತಲೆ ಭಾರವಾಗುತ್ತದೆ, ಆದ್ದರಿಂದ ಅಲಾರಂ ಇಡಿ. ಎದ್ದ ಮೇಲೆ 15–20 ನಿಮಿಷ ಸ್ಟೇರಿಂಗ್ ಹಿಡಿಯಬೇಡಿ, ಆಯುಧ ಮುಟ್ಟಬೇಡಿ. ಡ್ಯೂಟಿಯ ಮೊದಲರ್ಧ ಪ್ರಖರ ಬೆಳಕಿನಲ್ಲಿರಿ, ಕೊನೆಯ ಎರಡು ಗಂಟೆ ಸಾಧ್ಯವಾದಷ್ಟು ಮಂದ ಬೆಳಕಿನಲ್ಲಿ. ಮನೆಗೆ ಹೋಗುವಾಗ ಕಪ್ಪು ಕನ್ನಡಕ ನಿದ್ದೆಗೆ ಸಹಾಯ ಮಾಡುತ್ತದೆ ನಿಜ, ಆದರೆ ನೀವೇ ಗಾಡಿ ಓಡಿಸುತ್ತಿದ್ದು ಕಣ್ಣು ಎಳೆಯುತ್ತಿದ್ದರೆ ಅದು ಅಪಾಯ. ಅಂಥ ದಿನ ಕನ್ನಡಕವೂ ಬೇಡ, ಗಾಡಿಯೂ ಬೇಡ.

ಎಂಟು ಗಂಟೆಗೆ ಹಾಸಿಗೆಯಲ್ಲಿರಿ. ಮನೆಗೆಲಸ, ಬ್ಯಾಂಕು, ಮಕ್ಕಳ ಶಾಲೆಯ ಕೆಲಸ ಮುಗಿಸಿಯೇ ಮಲಗುತ್ತೇನೆ ಎಂದು ಹತ್ತೂವರೆ ಮಾಡಿಕೊಂಡರೆ ದೇಹ ಆಗಲೇ ಬಿಸಿಯೇರಿರುತ್ತದೆ, ಮೂರು ಗಂಟೆಗಿಂತ ಹೆಚ್ಚು ನಿದ್ದೆ ಕೂಡುವುದಿಲ್ಲ. ಮಧ್ಯಾಹ್ನ ಒಂದರವರೆಗೆ ಮಲಗಿ ಎದ್ದು, ಸಂಜೆ ಆರೂವರೆಯಿಂದ ಎಂಟರವರೆಗೆ ಎರಡನೇ ತುಂಡು. ಕೋಣೆ ಕತ್ತಲಾಗಿರಲಿ, ತಂಪಾಗಿರಲಿ. 18ರಿಂದ 20 ಡಿಗ್ರಿ ಒಳ್ಳೆಯದು. ಫ್ಯಾನಿನ ಒಂದೇ ಸಮನೆಯ ಸದ್ದು ಹಗಲಿನ ಗದ್ದಲವನ್ನು ಮುಚ್ಚುತ್ತದೆ. ಫೋನ್ ಪೂರ್ತಿ ಆಫ್ ಮಾಡಲು ಆಗದ ಕೆಲಸವಾದ್ದರಿಂದ ಠಾಣೆಯ ಮತ್ತು ಮನೆಯ ತಲಾ ಒಂದು ನಂಬರಿಗೆ ಮಾತ್ರ ಸದ್ದು ಬಿಡಿ.

ಎರಡು ಮೂರು ರಾತ್ರಿಯ ಸರದಿಯಾದರೆ ದೇಹದ ಗಡಿಯಾರವನ್ನು ತಿರುಗಿಸಲು ಹೋಗಲೇಬೇಡಿ, ಅದು ತಿರುಗುವಷ್ಟರಲ್ಲಿ ಸರದಿ ಮುಗಿದಿರುತ್ತದೆ. ಕೊನೆಯ ರಾತ್ರಿ ಮುಗಿದ ಬೆಳಿಗ್ಗೆ ಮೂರು ನಾಲ್ಕು ಗಂಟೆ ಮಾತ್ರ ಮಲಗಿ, ಅಂದು ರಾತ್ರಿ ಎಲ್ಲರಂತೆ ಮಲಗಿ. ವಾರಗಟ್ಟಲೆ ರಾತ್ರಿಯೇ ಇರುವವರದು ಬೇರೆ ಲೆಕ್ಕ: ರಜೆಯ ದಿನವೂ ತಡವಾಗಿ, ರಾತ್ರಿ ಮೂರರ ಸುಮಾರಿಗೆ ಮಲಗಿ ಹತ್ತು ಹನ್ನೊಂದಕ್ಕೆ ಎದ್ದರೆ, ಡ್ಯೂಟಿ ದಿನದ ಎಂಟರಿಂದ ಒಂದರ ನಿದ್ದೆಯ ಜೊತೆ ಎರಡು ಮೂರು ಗಂಟೆಯಾದರೂ ಒಂದೇ ಹೊತ್ತಿಗೆ ಬೀಳುತ್ತದೆ. ಗಡಿಯಾರ ಪ್ರತಿ ವಾರ ಎರಡೂ ಕಡೆ ಜಗ್ಗಾಡುವುದು ತಪ್ಪುತ್ತದೆ.

ನಿದ್ದೆಗಾಗಿ ಮದ್ಯ ಬೇಡ. ಬೇಗ ಮಲಗಿಸುತ್ತದೆ, ಆದರೆ ನಿದ್ದೆಯ ಎರಡನೇ ಅರ್ಧವನ್ನು ಚೂರುಚೂರು ಮಾಡುತ್ತದೆ, ಗೊರಕೆಯನ್ನೂ ಹೆಚ್ಚಿಸುತ್ತದೆ.

ಗೊರಕೆಯನ್ನು ನಗೆಚಾಟಿಕೆ ಮಾಡಿ ಬಿಡುವುದು ಈ ವೃತ್ತಿಯ ದೊಡ್ಡ ತಪ್ಪುಗಳಲ್ಲಿ ಒಂದು. ಅಮೆರಿಕ ಮತ್ತು ಕೆನಡಾದ 4,957 ಪೊಲೀಸರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರರಲ್ಲಿ ಒಬ್ಬರಿಗೆ ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ, ಅಂದರೆ ಸ್ಲೀಪ್ ಆಪ್ನಿಯಾ, ಇರುವ ಲಕ್ಷಣ ಕಂಡಿತು. ಉಸಿರು ನಿಂತು ಆಮ್ಲಜನಕ ಇಳಿಯುತ್ತದೆ, ದೇಹ ಗಾಬರಿಯಿಂದ ಎಚ್ಚರಗೊಳ್ಳುತ್ತದೆ, ಬಿಪಿ ಜಿಗಿಯುತ್ತದೆ. ಇದು ಒಂದೇ ನಿದ್ದೆಯಲ್ಲಿ ಹತ್ತಾರು ಸಲ. ನಾಳದ ಒಳಪದರಕ್ಕೆ ಇದಕ್ಕಿಂತ ಕೆಟ್ಟ ನಿದ್ದೆ ಇಲ್ಲ. ಜೋರು ಗೊರಕೆ, ನಡುವೆ ಉಸಿರು ನಿಂತದ್ದನ್ನು ಮನೆಯವರು ಕಂಡಿರುವುದು, ಏಳುವಾಗ ತಲೆನೋವು, 40 ಸೆಂ.ಮೀ.ಗಿಂತ ದಪ್ಪ ಕುತ್ತಿಗೆ, ಮೂರು ಮಾತ್ರೆಗೂ ಬಗ್ಗದ ಬಿಪಿ ಇದ್ದರೆ ನಿದ್ದೆಯ ಪರೀಕ್ಷೆ ಕೇಳಿ. ಮುಖವಾಡದ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಕೊಟ್ಟಿದ್ದರೆ ಹಗಲು ನಿದ್ದೆಗೂ, ಸಂಜೆಯ ಸಣ್ಣ ನಿದ್ದೆಗೂ ಅದನ್ನು ಹಾಕಿಕೊಳ್ಳಬೇಕು. ಅದು ‘ರಾತ್ರಿಯ ಯಂತ್ರ’ ಎಂದುಕೊಂಡು ವಾರದ ಅರ್ಧ ನಿದ್ದೆಯನ್ನು ಅದಿಲ್ಲದೆ ಕಳೆಯುವವರು ಬಹಳ.

ಊಟ, ಕಾಫಿ, ಹೊಗೆ

ರಾತ್ರಿ ಒಂದು ಗಂಟೆಗೆ ತಿಂದ ಅದೇ ಊಟ ಹಗಲಿಗಿಂತ ಹೆಚ್ಚು ಸಕ್ಕರೆ ಏರಿಸುತ್ತದೆ, ಯಾಕೆಂದರೆ ಇನ್ಸುಲಿನ್ ಆ ಹೊತ್ತಿಗೆ ಮಂದ. 2021ರ ಒಂದು ಪ್ರಯೋಗದಲ್ಲಿ ರಾತ್ರಿ ಪಾಳಿಯನ್ನು ಅನುಕರಿಸಿ ರಾತ್ರಿಯೂ ತಿಂದವರ ಸಕ್ಕರೆ ಶೇ. 6.4 ಏರಿತು, ಹಗಲು ಮಾತ್ರ ತಿಂದವರಲ್ಲಿ ಏರಲಿಲ್ಲ. ಹಾಗಾದರೆ ದೊಡ್ಡ ಊಟವನ್ನು ಡ್ಯೂಟಿಗೆ ಹೋಗುವ ಎರಡು ಮೂರು ಗಂಟೆ ಮೊದಲು ಮುಗಿಸಿ. ಮಧ್ಯರಾತ್ರಿಯಿಂದ ಐದು ಆರರವರೆಗೆ ನೀರು ಸಾಕು. ಹಸಿವು ತಡೆಯದಿದ್ದರೆ ಒಂದು ಹಣ್ಣು, ಒಂದು ಬೇಯಿಸಿದ ಮೊಟ್ಟೆ ಅಥವಾ 30 ಗ್ರಾಂನಷ್ಟು ಉಪ್ಪಿಲ್ಲದ ಬೀಜಗಳು. ಕರಿದ, ಕೊಬ್ಬು ತುಂಬಿದ ಒಂದೇ ಊಟ ನಾಳದ ಹಿಗ್ಗುವಿಕೆಯನ್ನು ಮೂರು ನಾಲ್ಕು ಗಂಟೆ ಕುಗ್ಗಿಸಬಲ್ಲದು. ರಾತ್ರಿ ತೆರೆದಿರುವ ಅಂಗಡಿಗಳಲ್ಲಿ ಸಿಗುವುದೂ ಹೆಚ್ಚಾಗಿ ಅದೇ, ಆದ್ದರಿಂದ ಡಬ್ಬಿ ಮನೆಯಿಂದ ಬರಲಿ. ಬೆಳಿಗ್ಗೆ ಮಲಗುವ ಮೊದಲು ಹಗುರ ತಿಂಡಿ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಈ ಪ್ಯಾರಾವನ್ನು ವೈದ್ಯರಿಗೆ ತೋರಿಸದೆ ಜಾರಿಗೆ ತರಬೇಡಿ. ಗಸ್ತಿನ ನಡುವೆ ಸಕ್ಕರೆ ಕುಸಿಯುವುದು ಬಿಪಿಗಿಂತ ತುರ್ತಿನ ಅಪಾಯ.

ಉಪ್ಪು ದಿನಕ್ಕೆ ಐದು ಗ್ರಾಂ, ಅಂದರೆ ಮಟ್ಟಸವಾಗಿ ಒಂದು ಟೀ ಚಮಚ, ಎಲ್ಲ ಸೇರಿ. ಪೊಟ್ಟಣದ ಮೇಲೆ ಸೋಡಿಯಂ ಎಂದು ಬರೆದಿದ್ದರೆ ಎರಡೂವರೆಯಿಂದ ಗುಣಿಸಿ: 400 ಮಿ.ಗ್ರಾಂ ಸೋಡಿಯಂ ಎಂದರೆ ಒಂದು ಗ್ರಾಂ ಉಪ್ಪು. ಸೊಪ್ಪು ಮತ್ತು ಬೀಟ್‌ರೂಟ್‌ನ ನೈಟ್ರೇಟನ್ನು ಬಾಯೊಳಗಿನ ಬ್ಯಾಕ್ಟೀರಿಯಾ ಪರಿವರ್ತಿಸಿ ನೈಟ್ರಿಕ್ ಆಕ್ಸೈಡ್‌ಗೆ ದಾರಿ ಮಾಡಿಕೊಡುತ್ತವೆ. ನಿದ್ದೆಗೆಟ್ಟ ಬಾಯಿ ವಾಸನೆಗೆಂದು ಕ್ಲೋರ್‌ಹೆಕ್ಸಿಡೀನ್ ಇರುವ ಔಷಧಿಯಿಂದ ದಿನವೂ ಬಾಯಿ ಮುಕ್ಕಳಿಸಿದರೆ ಆ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ದಂತವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಿ.

ಕೆಫೀನ್ ದಿನಕ್ಕೆ 400 ಮಿ.ಗ್ರಾಂ ಮೀರದಿರಲಿ. ಒಟ್ಟಿಗೆ ದೊಡ್ಡ ಲೋಟ ಕುಡಿಯುವುದಕ್ಕಿಂತ ಡ್ಯೂಟಿಯ ಮೊದಲರ್ಧದಲ್ಲಿ ಸಣ್ಣ ಸಣ್ಣದಾಗಿ ಹಂಚಿಕೊಳ್ಳಿ. ಮಲಗುವ ಆರು ಗಂಟೆ ಮೊದಲು ನಿಲ್ಲಿಸಬೇಕು. ಎಂಟಕ್ಕೆ ಮಲಗುವವರ ಕೊನೆಯ ಕಪ್ಪು ರಾತ್ರಿ ಎರಡಕ್ಕೆ. ಬೆಳಿಗ್ಗೆ ಐದರ ಕಾಫಿ ಅಭ್ಯಾಸವಾದವರಿಗೆ ಇದು ಕಷ್ಟ, ಆದರೆ ಹಗಲು ನಿದ್ದೆ ಮಧ್ಯದಲ್ಲೇ ಮುರಿಯುವುದಕ್ಕೆ ಆ ಕಪ್ಪು ಕಾರಣ ಇರಬಹುದು. ಎನರ್ಜಿ ಡ್ರಿಂಕ್ ಬಿಪಿಯನ್ನು ಏರಿಸುತ್ತದೆ, ಓಟದ ಸಂಭವವಿರುವ ಕೆಲಸಕ್ಕೆ ತಕ್ಕುದಲ್ಲ.

ಸಿಗರೇಟು ಒಂದೇ ಆದರೂ ನಾಳವನ್ನು ಆ ಕ್ಷಣಕ್ಕೆ ಬಿಗಿ ಮಾಡುತ್ತದೆ. ಎಚ್ಚರವಿರಲು ಜಗಿಯುವ ತಂಬಾಕಿನದೂ ಅದೇ ನಿಕೋಟಿನ್. ಬಿಡಲು ಹೊರಟವರು ಮೊದಲು ರಾತ್ರಿ 3ರಿಂದ 5ರ ಹೊತ್ತಿನದನ್ನು ಗುರಿ ಮಾಡಿ. ಆ ಹೊತ್ತಿನ ಸಿಗರೇಟು ಚಟಕ್ಕಿಂತ ಹೆಚ್ಚಾಗಿ ನಿದ್ದೆ ಓಡಿಸಲು. ಅದರ ಜಾಗದಲ್ಲಿ ಐದು ನಿಮಿಷದ ನಡಿಗೆ, ತಣ್ಣೀರು, ಪ್ರಖರ ಬೆಳಕು ಇಡಬಹುದು.

ಕೂತು, ನಿಂತು, ದಿಢೀರನೆ ಓಡಿ

ಗಸ್ತು ವಾಹನದಲ್ಲಿ ಮೂರು ಗಂಟೆ ಅಲುಗಾಡದೆ ಕೂತರೆ ಕಾಲಿನ ದೊಡ್ಡ ಅಪಧಮನಿಯ ಹಿಗ್ಗುವ ಶಕ್ತಿ ಅಷ್ಟರಲ್ಲೇ ಕುಸಿದಿರುತ್ತದೆ. ಗಂಟೆಗೊಮ್ಮೆ ಐದು ನಿಮಿಷ ನಿಧಾನವಾಗಿ ನಡೆದರೂ ಆ ಕುಸಿತ ತಡೆಯುತ್ತದೆ. ಇಳಿಯಲು ಆಗದ ನಿಗಾ ಡ್ಯೂಟಿಯಲ್ಲಿ ಒಂದು ನಿಮಿಷ ಪಾದ ಕುಣಿಸಿ, ನಾಲ್ಕು ನಿಮಿಷ ಬಿಟ್ಟು, ಮತ್ತೆ ಕುಣಿಸಿ. ಹೀಗೆ ಮಾಡಿದವರ ನಾಳ ಉಳಿದುಕೊಂಡದ್ದು ಪ್ರಯೋಗದಲ್ಲಿ ಕಂಡಿದೆ. ಕಾಲು ಅಲ್ಲಾಡಿಸಬೇಡ ಎಂದು ಚಿಕ್ಕಂದಿನಲ್ಲಿ ಬೈಸಿಕೊಂಡವರು ಇಲ್ಲಿ ಧಾರಾಳವಾಗಿ ಅಲ್ಲಾಡಿಸಬಹುದು.

ಬಂದೋಬಸ್ತಿನಲ್ಲಿ ಗಂಟೆಗಟ್ಟಲೆ ನಿಲ್ಲುವವರ ಸಮಸ್ಯೆ ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಗಳದ್ದು: ರಕ್ತ ಕೆಳಗೆ ನಿಲ್ಲುತ್ತದೆ. ಅರ್ಧ ಗಂಟೆಗೊಮ್ಮೆ ಹಿಮ್ಮಡಿಯನ್ನು ಇಪ್ಪತ್ತು ಸಲ ಎತ್ತಿ ಇಳಿಸಿ. 15–20 ಮಿ.ಮೀ. ಒತ್ತಡದ ಕಾಲುಚೀಲ ಸಹಾಯ ಮಾಡುತ್ತದೆ. ಎದ್ದ ಕೂಡಲೇ, ಕಾಲು ಊದುವ ಮೊದಲು ಹಾಕಿಕೊಂಡು ಮಲಗುವಾಗ ತೆಗೆಯಬೇಕು. ನಡೆದರೆ ಮೀನಖಂಡ ನೋಯುವ, ಪಾದ ತಣ್ಣಗಿರುವ ಜನ ಮಾತ್ರ ಮೊದಲು ಕಾಲು ಮತ್ತು ತೋಳಿನ ಬಿಪಿ ಹೋಲಿಸುವ ಪರೀಕ್ಷೆ ಮಾಡಿಸಿ. ಆ ಅನುಪಾತ 0.90 ಅಥವಾ ಕೆಳಗಿದ್ದರೆ ಅಪಧಮನಿ ಕಿರಿದಾಗಿದೆ ಎಂದರ್ಥ. ಅಂಥ ಕಾಲಿಗೆ ಬಿಗಿ ಚೀಲವನ್ನು ವೈದ್ಯರನ್ನು ಕೇಳದೆ ಹಾಕಬಾರದು.

ಆರು ಗಂಟೆ ಕೂತ ದೇಹ ಹತ್ತೇ ಸೆಕೆಂಡಿನಲ್ಲಿ ಪೂರ್ತಿ ವೇಗದ ಓಟಕ್ಕೆ ಇಳಿಯುವುದು ಈ ವೃತ್ತಿಯ ವಿಶೇಷ. ಅಮೆರಿಕದ ಪೊಲೀಸರಲ್ಲಿ 1984ರಿಂದ 2010ರವರೆಗಿನ 441 ಹಠಾತ್ ಹೃದಯ ಮರಣಗಳನ್ನು ಪರಿಶೀಲಿಸಿದಾಗ, ಮಾಮೂಲಿ ಕೆಲಸಕ್ಕೆ ಹೋಲಿಸಿದರೆ ಕೈಕೈ ಮಿಲಾಯಿಸುವಾಗ ಅಪಾಯ 34ರಿಂದ 69 ಪಟ್ಟು, ಬೆನ್ನಟ್ಟುವಾಗ 32ರಿಂದ 51 ಪಟ್ಟು, ದೈಹಿಕ ತರಬೇತಿಯಲ್ಲಿ 20ರಿಂದ 23 ಪಟ್ಟು ಎಂದು ಕಂಡಿತು. ಓಟ ಇಲ್ಲಿ ಕಿಡಿ ಮಾತ್ರ. ಸಿಡಿಮದ್ದು ವರ್ಷಗಳಿಂದ ನಾಳದಲ್ಲಿ ಕೂಡಿಟ್ಟದ್ದು. ಗಂಟೆಗೊಮ್ಮೆಯ ನಡಿಗೆಗೆ ಆದ್ದರಿಂದ ಇನ್ನೊಂದು ಉಪಯೋಗವಿದೆ, ದೇಹ ಪೂರ್ತಿ ತಣ್ಣಗಾಗುವುದಿಲ್ಲ. ಗಲಾಟೆ ಮುಗಿದ ಕೂಡಲೇ ಧಪ್ಪನೆ ಕೂರಬೇಡಿ. ಮೂರರಿಂದ ಐದು ನಿಮಿಷ ನಡೆದಾಡಿ, ಕವಚ ಸಡಿಲಿಸಿ, ಆಮೇಲೆ ಕೂತು ಐದು ನಿಮಿಷ ನಿಮಿಷಕ್ಕೆ ಆರರಂತೆ ನಿಧಾನ ಉಸಿರಾಡಿ. ಎದೆಯಲ್ಲಿ ಬಿಗಿತ, ದವಡೆ ಅಥವಾ ಎಡತೋಳಿಗೆ ಹರಡುವ ನೋವು, ತಣ್ಣನೆಯ ಬೆವರು ಇದ್ದರೆ ಗ್ಯಾಸ್ ಎಂದು ತೀರ್ಮಾನಿಸುವ ಅಧಿಕಾರ ನಿಮಗಿಲ್ಲ. ಆಂಬುಲೆನ್ಸ್ ಕರೆಸಿ, ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ.

ವ್ಯಾಯಾಮ ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯಷ್ಟಾದರೂ ಬೇಕು. ಹೊತ್ತು ಮುಖ್ಯ ನಿದ್ದೆಯಿಂದ ಎದ್ದ ಮೇಲೆ, ಡ್ಯೂಟಿಗೆ ಮೊದಲು. ರಾತ್ರಿಯಿಡೀ ದುಡಿದು ಬೆಳಿಗ್ಗೆ ಏಳಕ್ಕೆ ಅಲ್ಲ. ಐದು ಗಂಟೆಗಿಂತ ಕಡಿಮೆ ನಿದ್ದೆಯಾದ ದಿನ ನಡಿಗೆ ಮಾತ್ರ. ಸಮಯವೇ ಇಲ್ಲದವರಿಗೆ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಂತೆ ಎರಡು ನಿಮಿಷ ನಿಲ್ಲುವುದು, ಎರಡು ನಿಮಿಷ ಬಿಡುವು, ಹೀಗೆ ನಾಲ್ಕು ಸಲ, ವಾರಕ್ಕೆ ಮೂರು ದಿನ. ಬಿಪಿ ಇಳಿಸುವುದರಲ್ಲಿ ಇದಕ್ಕೆ ಒಳ್ಳೆಯ ಪುರಾವೆ ಇದೆ. ಉಸಿರು ಹಿಡಿದರೆ ಬಿಪಿ ಆ ಕ್ಷಣದಲ್ಲಿ ಚಿಮ್ಮುತ್ತದೆ, ಎಣಿಕೆಯನ್ನು ಬಾಯಿಬಿಟ್ಟು ಹೇಳುತ್ತಿದ್ದರೆ ಹಿಡಿಯಲು ಆಗುವುದಿಲ್ಲ. 160/100 ಮೇಲಿರುವವರು ವೈದ್ಯರನ್ನು ಕೇಳಿ ಶುರು ಮಾಡಿ.

ಪರೀಕ್ಷೆ ಮತ್ತು ಮಾತ್ರೆ

ರಾತ್ರಿ ಡ್ಯೂಟಿ ಮುಗಿಸಿ ನೇರ ಲ್ಯಾಬಿಗೆ ಹೋಗಿ ಕೊಟ್ಟ ‘ಖಾಲಿ ಹೊಟ್ಟೆ’ ಸಕ್ಕರೆಯನ್ನು ನೆಚ್ಚಬೇಡಿ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಗೆ ಉಪವಾಸವೂ ಬೇಡ, ಪಾಳಿಯೂ ಅಡ್ಡಿಯಲ್ಲ: ಶೇ. 5.7ರಿಂದ 6.4 ಮಧುಮೇಹದ ಹೊಸ್ತಿಲು, ಶೇ. 6.5 ಅಥವಾ ಮೇಲೆ ಮಧುಮೇಹ. ಕೊಲೆಸ್ಟರಾಲ್ ಕೂಡ ಹೆಚ್ಚಿನವರಿಗೆ ಉಪವಾಸವಿಲ್ಲದೆ ನೋಡಬಹುದು. ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತವನ್ನು ಕೇಳಿ ಮಾಡಿಸಿ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ ಎಂಬ ಪ್ರೋಟೀನ್ 30 ಮಿ.ಗ್ರಾಂ ದಾಟಿದರೆ ಮೂತ್ರಪಿಂಡದ ಸಣ್ಣ ನಾಳಗಳು ಸೋರುತ್ತಿವೆ ಎಂಬ ಸುಳಿವು. ಭಾರಿ ವ್ಯಾಯಾಮ ಅಥವಾ ಜ್ವರದ ಮರುದಿನ ತಪ್ಪು ತೋರಿಸುವುದರಿಂದ ಇನ್ನೊಮ್ಮೆ ನೋಡಿಯೇ ನಂಬಬೇಕು. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ಇಸಿಜಿ ಸರಿಯಿದೆ ಎಂದರೆ ನಾಳ ಶುದ್ಧವಾಗಿದೆ ಎಂದಲ್ಲ.

ಗಂಡಸರು ಹೇಳಿಕೊಳ್ಳದ ಒಂದು ಲಕ್ಷಣವಿದೆ, ನಿಮಿರು ದೌರ್ಬಲ್ಯ. ಜನನಾಂಗದ ಅಪಧಮನಿ ಹೃದಯದ್ದಕ್ಕಿಂತ ಸಣ್ಣದು, ಒಳಪದರ ಕೆಟ್ಟರೆ ಅಲ್ಲೇ ಮೊದಲು ಗೊತ್ತಾಗುತ್ತದೆ. ಹೃದಯದ ತೊಂದರೆ ಕೆಲವು ವರ್ಷದ ನಂತರ ಬರಬಹುದು. ಪಾಳಿಯ ಸುಸ್ತು ಎಂದು ಗುಟ್ಟಾಗಿ ಮಾತ್ರೆ ನುಂಗುವ ಬದಲು ಅದನ್ನು ಬಿಪಿ ಪುಸ್ತಕದ ಜೊತೆಗೇ ವೈದ್ಯರ ಮುಂದಿಡಿ.

ಬಿಪಿ ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಂಡರೂ ಸಂಜೆ ತೆಗೆದುಕೊಂಡರೂ ಹೃದಯಾಘಾತ, ಪಾರ್ಶ್ವವಾಯು ತಪ್ಪಿಸುವುದರಲ್ಲಿ ವ್ಯತ್ಯಾಸವಿಲ್ಲ ಎಂದು 2022ರ ದೊಡ್ಡ ಪ್ರಯೋಗ ತೋರಿಸಿತು. ತಪ್ಪದೆ ತೆಗೆದುಕೊಳ್ಳುವುದು ಮುಖ್ಯ. ‘ಬೆಳಿಗ್ಗೆ ಎದ್ದ ಮೇಲೆ’ ಎಂದು ಕಟ್ಟಿಕೊಂಡರೆ ಪಾಳಿ ಬದಲಾದ ದಿನ ಎರಡು ಮಾತ್ರೆಗಳ ನಡುವೆ ಒಮ್ಮೆ 16 ಗಂಟೆ, ಇನ್ನೊಮ್ಮೆ 32 ಗಂಟೆ ಬೀಳುತ್ತದೆ. ಮೂರೂ ಪಾಳಿಯಲ್ಲಿ ಎಚ್ಚರವಾಗಿರುವ ಒಂದು ಗಡಿಯಾರದ ವೇಳೆ ಹುಡುಕಿ. ಸಾಮಾನ್ಯವಾಗಿ ಸಂಜೆ ಐದು ಹೊಂದುತ್ತದೆ. ಅಲಾರಂ ಅದಕ್ಕಿಡಿ. ಮೂತ್ರ ಹೆಚ್ಚಿಸುವ ಮಾತ್ರೆಯಾದರೆ ಶೌಚಾಲಯವಿಲ್ಲದ ಕಡೆ ಡ್ಯೂಟಿ ಬಿದ್ದ ದಿನ ಹೆಚ್ಚಿನವರು ಅದನ್ನೇ ತಪ್ಪಿಸುತ್ತಾರೆ, ವೈದ್ಯರಿಗೆ ಮಾತ್ರ ಹೇಳುವುದಿಲ್ಲ. ಹೇಳಿದರೆ ಬೇರೆ ಗುಂಪಿನ ಮಾತ್ರೆ ಬರೆದುಕೊಡಬಹುದು. ಬೆಲ್ಟಿನ ಭಾರಕ್ಕೆ ಬೆನ್ನು ನೋಯುತ್ತದೆಂದು ದಿನವೂ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಿಪಿಯನ್ನು ಏರಿಸುತ್ತವೆ. ಅದೂ ಪುಸ್ತಕದಲ್ಲಿರಲಿ.

ಪಟ್ಟಿ ಬರೆಯುವವರಿಗೆ

ಸರದಿ ಮುಂದಕ್ಕೆ ತಿರುಗಲಿ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಹಿಂದಕ್ಕೆ ತಿರುಗಿಸಿದರೆ ಎರಡು ಡ್ಯೂಟಿಗಳ ನಡುವೆ ಎಂಟೇ ಗಂಟೆ ಉಳಿದು, ಹೋಗಿ ಬರುವ ದಾರಿ ಕಳೆದರೆ ನಿದ್ದೆಗೆ ಐದೂ ಸಿಗುವುದಿಲ್ಲ. ಎರಡು ಡ್ಯೂಟಿಗಳ ನಡುವೆ ಕನಿಷ್ಠ 11 ಗಂಟೆ ಬೇಕು. ಯುರೋಪಿಯನ್ ಒಕ್ಕೂಟದ 2003ರ ಕೆಲಸದ ವೇಳೆಯ ನಿರ್ದೇಶನ ಸಾಮಾನ್ಯ ಕೆಲಸಗಾರರಿಗೆ ಇಟ್ಟಿರುವ ಗೆರೆಯೂ ಅದೇ. ಸತತ ರಾತ್ರಿ ಮೂರು ಸಾಕು. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ 35–40 ಗಂಟೆ ದುಡಿಯುವವರಿಗಿಂತ ಶೇ. 35 ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೇಳಿವೆ. ಈ ಲೆಕ್ಕಕ್ಕೆ ಓಟಿಯೂ ಸೇರಬೇಕು, ಬಂದೋಬಸ್ತೂ ಸೇರಬೇಕು.

ಪಟ್ಟಿಯಲ್ಲಿ ಕಾಣದೆ ನಿದ್ದೆ ತಿನ್ನುವುದು ನ್ಯಾಯಾಲಯದ ಸಾಕ್ಷಿ. ರಾತ್ರಿ ಡ್ಯೂಟಿ ಮುಗಿಸಿದವರು ಹನ್ನೊಂದಕ್ಕೆ ಕಟಕಟೆಯಲ್ಲಿ ನಿಂತು, ಮುಂದೂಡಿಕೆಯಾಗಿ ಮೂರಕ್ಕೆ ಮನೆಗೆ ಬಂದು, ಮತ್ತೆ ಹತ್ತಕ್ಕೆ ಠಾಣೆಗೆ ಬರುತ್ತಾರೆ. ಸಮನ್ಸಿನ ದಿನಾಂಕ ಕೈಗೆ ಬಂದ ಕೂಡಲೇ ಪಾಳಿ ಪಟ್ಟಿಯ ಮೇಲೆ ಗುರುತು ಹಾಕಿ, ಹಿಂದಿನ ರಾತ್ರಿಗೆ ಬೇರೆಯವರನ್ನು ಹಾಕಿ. ಅದು ಆಗದಿದ್ದರೆ ಸಾಕ್ಷಿಯ ಗಂಟೆಗಳನ್ನು ಡ್ಯೂಟಿ ಎಂದೇ ಲೆಕ್ಕ ಹಿಡಿದು, ಹನ್ನೊಂದು ಗಂಟೆಯ ಬಿಡುವನ್ನು ಅವರು ನ್ಯಾಯಾಲಯದಿಂದ ಹೊರಬಿದ್ದ ಹೊತ್ತಿನಿಂದ ಎಣಿಸಿ.